ಸಿಂಗಪುರದ ಮನೆಯಲ್ಲಿ ಕನ್ನಡದ ಕೂಸು

ನಮ್ಮ ಪಟ್ಟಣಗಳಲ್ಲಿ ಸಿಂಗಪುರದ ಹೆಸರನ್ನು ಕೇಳದವರು ಈಗ ವಿರಳ. ಒಬ್ಬರ ಮಗ, ಇನ್ನೊಬ್ಬರ ಮಗಳು ಅಳಿಯ ಉದ್ಯೋಗಕ್ಕಾಗಿ ಅಲ್ಲಿ ನೆಲೆಸಿರುತ್ತಾರೆ. ಅವರ ಸಂಬಳ ಸವಲತ್ತುಗಳನ್ನು ನಾವು ಆಸಕ್ತಿಯಿಂದ ಕೇಳಿ ತಿಳಿಯುತ್ತೇವೆ. ಆದರೆ ಆ ಮನೆಯ ಐದಾರು ವರುಷದ ಕೂಸು ಬೆಳಗಿನಿಂದ ರಾತ್ರಿಯವರೆಗೆ ಯಾವ ಮಾತನ್ನು ಕೇಳುತ್ತದೆ, ಯಾವ ಮಾತನ್ನು ಆಡುತ್ತದೆ ಎಂದು ವಿಚಾರಿಸುವುದು ಕಡಮೆ. ಈ ಹೊತ್ತು ಅದನ್ನು ಕುರಿತೇ ನಾಲ್ಕು ಮಾತು.

ಸಿಂಗಪುರ ಭೂಮಧ್ಯರೇಖೆಗೆ ತೀರ ಸಮೀಪ. ಅಲ್ಲಿ ಚಳಿಗಾಲವಿಲ್ಲ, ವರುಷವಿಡೀ ಸೂರ್ಯೋದಯ ಬೆಳಗಿನ ೭ ಗಂಟೆಯ ಸುಮಾರಿಗೆ. ಶಾಲೆ ಏಳೂವರೆಗೇ ಆರಂಭ. ಆದುದರಿಂದ ಎಷ್ಟೋ ಮಕ್ಕಳು ಕತ್ತಲಿರುವಾಗಲೇ ಚೀಲ ಹೊತ್ತು ಹೊರಡುತ್ತವೆ. ಜನರಲ್ಲಿ ಬಹುಮಂದಿ ಸರಕಾರ ಕಟ್ಟಿಸಿದ ಬಹುಮಹಡಿಯ ವಸತಿಗಳಲ್ಲಿರುತ್ತಾರೆ; ಹೊರದೇಶದವರೂ ಅನೇಕರು ಅಲ್ಲಿಯೇ ಬಾಡಿಗೆಗಿದ್ದಾರೆ. ಎಲ್ಲ ಜನಾಂಗದವರೂ ಬೆರೆತು ಬಾಳಲೆಂದು ೧೯೮೯ರಿಂದ ಒಂದು ನಿಯಮವುಂಟು. ಹೀಗಾಗಿ ಪಕ್ಕದ ಮನೆ ಚೀನೀಯರದು, ಮೇಲಿನ ಮನೆ ಮಲಯರದು ಆಗಿರಬಹುದು. ಕೆಳಗಿನ ಬಯಲಿನಲ್ಲಿ ಮಕ್ಕಳೆಲ್ಲ ಕೂಡಿ ಆಡುತ್ತಾರೆ. ಆಟದ ಮಾತು ಇಂಗ್ಲಿಷು.

ಆ ನಾಡಿಗೆ ನಾಲ್ಕು ಅಧಿಕೃತ ಭಾಷೆಗಳು: ಮಲಯ, ಚೀನೀ, ತಮಿಳು, ಇಂಗ್ಲಿಷ್. ಪಾಠವೆಲ್ಲ ಇಂಗ್ಲಿಷಿನಲ್ಲಿ, ಜೊತೆಗೆ ‘ತಾಯಿನುಡಿ’ಯೆಂದು ಇನ್ನೊಂದು ಭಾಷೆ ಕಡ್ಡಾಯ. ಮೊದಲಿನ ಮೂರಲ್ಲದೆ, ೧೯೯೦ರ ಸುಮಾರಿನಿಂದ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೂ ಅವಕಾಶ ದೊರೆತಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಅಲ್ಲಿಯ ಸರಕಾರಿ ಶಾಲೆ ಸೇರಿದ ನಮ್ಮ ಕೂಸು ತಾಯಿನುಡಿಯ ಹೆಸರಿನಲ್ಲಿ ಸಾಮಾನ್ಯವಾಗಿ ಹಿಂದಿಯನ್ನೋ ತಮಿಳನ್ನೋ ಕಲಿಯುತ್ತದೆ. ಇದಕ್ಕೆ ಯಾರನ್ನೂ ದೂರಿ ಫಲವಿಲ್ಲ. ಕನ್ನಡಕ್ಕೆ ಅಲ್ಲಿ ಮನೆಯೇ ಮೊದಲ ಶಾಲೆಯೆಂಬುದನ್ನು ಮನಗಂಡರೆ ಸಾಕು.

ಮನೆಯಲ್ಲಿಯೂ ಕನ್ನಡ ನಿಂತುಹೋದರೆ ನಷ್ಟವೇನು? ಬಳಗವನ್ನೇ ನೋಡಿ. ನಮಗೆ ದೊಡ್ಡಪ್ಪ ಬೇರೆ, ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ. ಸಿಂಗಪುರದಲ್ಲಿ ಅಂಗಡಿಯವನೂ ‘ಅಂಕಲ್’, ಕಸ ಗುಡಿಸುವಾಕೆಯೂ ‘ಆಂಟಿ’. ಹಿರಿಯರಿಗೆ ಮರ್ಯಾದೆ ಕೊಡುವ ಆ ಪದ್ಧತಿ ಒಳ್ಳೆಯದೇ. ಆದರೆ ಅದರಿಂದ ಮಗುವಿಗೆ ತನ್ನ ಬಳಗದ ಗುರುತು ಸಿಕ್ಕದು. ಪಕ್ಕದ ಮನೆಯ ಚೀನೀಯರಲ್ಲಿಯೂ ತಂದೆಯ ಅಣ್ಣನಿಗೊಂದು, ತಮ್ಮನಿಗೊಂದು, ತಾಯಿಯ ಸೋದರನಿಗೊಂದು ಹೆಸರುಂಟು. ಅವರು ಉಳಿಸಿಕೊಂಡದ್ದನ್ನು ನಾವೇಕೆ ಬಿಡಬೇಕು? ಇನ್ನೂ ದೊಡ್ಡ ನಷ್ಟವೆಂದರೆ, ರಜೆಗೆ ಬಂದ ಮೊಮ್ಮಗುವೂ ಇಂಗ್ಲಿಷು ಬಾರದ ಅಜ್ಜಿಯೂ ಎದುರೆದುರು ಕುಳಿತು ಬರಿದೆ ನಗುವುದು.

ಹಾಗೆಂದು ಬೇರೆ ಭಾಷೆಗಳನ್ನು ಕಂಡು ಹೆದರಬೇಕಾದುದಿಲ್ಲ. ಮಲಯ ಭಾಷೆಯಲ್ಲಿ ‘ಬಹಾಸ’ ಎಂದರೆ ಭಾಷೆ, ‘ಗುರು’ ಎಂದರೆ ಉಪಾಧ್ಯಾಯ. ಗಂಡ ‘ಸುವಾಮಿ’, ಹೆಂಡತಿ ‘ಇಸ್ತ್ರಿ’. ಊರಿನ ಹೆಸರೇ ಸಿಂಹಪುರ. ಕನ್ನಡ ಬಲ್ಲ ಮಗುವಿಗೆ ಈ ನಂಟು ತಾನಾಗಿ ಹೊಳೆದು, ಪರಸ್ಥಳವೂ ಪರಿಚಿತವೆನಿಸುತ್ತದೆ.

ಇಲ್ಲಿರುವ ಅಜ್ಜ ಅಜ್ಜಿಯರೇ, ನಿಮ್ಮಿಂದ ಆಗುವ ಕೆಲಸ ಬಹಳವಿದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ನಮ್ಮ ಸಂಜೆ ಐದೂವರೆಗೆ ಅಲ್ಲಿ ರಾತ್ರಿ ಎಂಟು. ಮಗು ಮಲಗುವ ಹೊತ್ತು. ಫೋನಿನಲ್ಲಿ ದಿನಕ್ಕೊಂದು ಕಥೆ ಹೇಳಿರಿ. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಗದರಬೇಡಿ, ನಗಬೇಡಿ. ಅದೇ ಮಾತನ್ನು ಕನ್ನಡದಲ್ಲಿ ಹೇಳಿ ಮುಂದುವರಿಸಿರಿ. ನೀವೇ ಹರಕು ಇಂಗ್ಲಿಷಿಗೆ ಇಳಿಯಬೇಡಿ.

ರಜೆಯ ವಿಷಯವನ್ನೂ ಗಮನಿಸಿರಿ. ಅಲ್ಲಿಯ ದೀರ್ಘ ರಜೆ ಜೂನ್ ಮತ್ತು ಡಿಸೆಂಬರಿನಲ್ಲಿ. ನಮ್ಮದು ಏಪ್ರಿಲ್, ಮೇ. ಆ ಮಗು ಬಂದಾಗ ಓರಗೆಯ ಮಕ್ಕಳೆಲ್ಲ ಶಾಲೆಯಲ್ಲಿರುತ್ತಾರೆ. ಅಂತಹ ದಿನಗಳಲ್ಲಿ ಸಂತೆಗೆ, ಹೂವಿನಂಗಡಿಗೆ ಕೈಹಿಡಿದು ಕರೆದೊಯ್ಯಿರಿ. ಬದನೆಕಾಯಿಯನ್ನು ಮುಟ್ಟಿ ಕಲಿತ ಮಾತು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.

ಅಕ್ಷರ ತಡವಾಗಿ ಬಂದರೂ ಚಿಂತೆಯಿಲ್ಲ. ಕಿವಿಗೆ ಎಳವೆಯಲ್ಲೇ ಕನ್ನಡ ಬಿದ್ದಿರಬೇಕು. ಬರೆಹವನ್ನು ಆ ಮೇಲೆ ಯಾವ ಊರಿನಲ್ಲಿದ್ದರೂ ಕಲಿಯಬಹುದು.