ಚಳಿಗಾಲದ ರಾತ್ರಿಯ ಬೆವರು

ಕಾಫಿ ಕುಯ್ಲಿನ ದಿನಗಳಲ್ಲಿ ಹೆತ್ತೂರಿನ ಕಡೆ ರಾತ್ರಿ ಕಂಬಳಿ ಹೊದ್ದರೂ ಚಳಿ ಬಿಡುವುದಿಲ್ಲ. ಅಂಥ ಚಳಿಯಲ್ಲೂ ಕೆಲವು ಹೆಂಗಸರಿಗೆ ನಡುರಾತ್ರಿ ಥಟ್ಟನೆ ಎಚ್ಚರವಾಗುತ್ತದೆ. ರವಿಕೆ ಬೆನ್ನಿಗೆ ಅಂಟಿರುತ್ತದೆ, ದಿಂಬು ಒದ್ದೆ. ಬಟ್ಟೆ ಬದಲಿಸುವಷ್ಟರಲ್ಲಿ ಮೈ ನಡುಗುತ್ತದೆ. ಬೆಳಗಾದರೆ ತೋಟದ ಕೆಲಸ ಕಾದಿರುತ್ತದೆ. ರಾತ್ರಿಯ ಸಂಗತಿ ಬಾಯಿಗೆ ಬರುವುದೇ ಇಲ್ಲ.

ನಲವತ್ತೈದರ ಆಚೀಚೆ ಇದಕ್ಕೆ ಮುಟ್ಟು ನಿಲ್ಲುವ ಕಾಲವೇ ಹೆಚ್ಚಾಗಿ ಕಾರಣ. ಈಸ್ಟ್ರೋಜನ್ ಇಳಿದಾಗ, ಮೈಯ ಶಾಖವನ್ನು ಹತೋಟಿಯಲ್ಲಿಡುವ ಮೆದುಳಿನ ಹೈಪೊಥಲಾಮಸ್ ಅತಿಸೂಕ್ಷ್ಮವಾಗುತ್ತದೆ. ಮೈ ತುಸುವೇ ಬಿಸಿಯಾದರೂ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸಿಬಿಡುತ್ತದೆ. ಕೆಲವೇ ನಿಮಿಷಗಳಲ್ಲಿ ಉರಿ ಇಳಿದು ಚಳಿ ಹಿಡಿಯುತ್ತದೆ. ಹಲವರಿಗೆ ಈ ಕಾಟ ಏಳು ವರ್ಷಕ್ಕೂ ಮೀರಿ ಇರುತ್ತದೆ. "ವಯಸ್ಸಾಯ್ತು, ಸಹಿಸ್ಕೊ" ಎನ್ನುವ ಮನೆಮಂದಿ ಆ ಲೆಕ್ಕ ಹಾಕಿರುವುದಿಲ್ಲ.

ಒಂದು ದಪ್ಪ ರಗ್ಗಿನ ಬದಲು ತೆಳ್ಳಗಿನ ಎರಡು ಮೂರು ಹತ್ತಿ ಹೊದಿಕೆ ಇಟ್ಟುಕೊಂಡರೆ ಬೇಕಾದಾಗ ಒಂದನ್ನು ಸರಿಸಬಹುದು. ಖಾರ, ಮದ್ಯ, ಬಿಸಿಬಿಸಿ ಕಾಫಿ ಕೆಲವರಲ್ಲಿ ಬೆವರನ್ನು ಕೆರಳಿಸುತ್ತವೆ. ಕಾಫಿ ಬೆಳೆಯುವ ಊರಿನಲ್ಲಿ ಸಂಜೆಯ ಲೋಟ ಬಿಡಿ ಎನ್ನುವುದಕ್ಕೆ ಧೈರ್ಯ ಬೇಕು, ನಿಜ. ಒಂದೆರಡು ವಾರ ಬಿಟ್ಟು ನೋಡಿದರೆ ವ್ಯತ್ಯಾಸ ತಿಳಿದೀತು. ನಿದ್ದೆಯೇ ಕೆಟ್ಟರೆ ಹಾರ್ಮೋನ್ ಚಿಕಿತ್ಸೆ ಇದೆ. ಸ್ತನ ಕ್ಯಾನ್ಸರ್ ಆದವರಿಗೆ ಅದು ಸಾಮಾನ್ಯವಾಗಿ ಸಲ್ಲದು, ಅವರಿಗೆ ಬೇರೆ ಮಾತ್ರೆಗಳುಂಟು.

ಆದರೆ ಎಲ್ಲ ಬೆವರನ್ನೂ ವಯಸ್ಸಿನ ತಲೆಗೆ ಕಟ್ಟುವಂತಿಲ್ಲ, ಗಂಡಸರೂ ಬೆವರುತ್ತಾರಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ಎದೆಬಡಿತ, ನಡುಕ ಬರಬಹುದು. ಆಗ ತಕ್ಷಣ ಸಕ್ಕರೆ ನೀರು ಕುಡಿಯಬೇಕು, ಆಮೇಲೆ ವೈದ್ಯರಿಗೆ ಹೇಳಿ ಔಷಧದ ಪ್ರಮಾಣ ಸರಿಪಡಿಸಿಕೊಳ್ಳಬೇಕು. ಖಿನ್ನತೆಯ ಕೆಲವು ಮಾತ್ರೆ, ಥೈರಾಯ್ಡ್, ಅಪರೂಪಕ್ಕೆ ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಕಾರಣವಾಗುತ್ತವೆ.

ಮುಖ್ಯವಾದದ್ದು ಕ್ಷಯ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಇವು ಬೆವರಿನ ಜೊತೆಗಿದ್ದರೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ರೋಗಿಯ ಖಾತೆಗೆ ಬರುತ್ತಿದ್ದ ತಿಂಗಳಿಗೆ 500 ರೂಪಾಯಿ 2024ರ ನವೆಂಬರಿನಿಂದ 1000 ಆಗಿದೆ. ಮಾತ್ರೆ ಶುರುವಾದ ಕೆಲವು ವಾರಗಳಲ್ಲೇ ಬೆವರು ನಿಲ್ಲುತ್ತದೆ, ಹಸಿವು ಮರಳುತ್ತದೆ. ವಾಸಿಯಾಯಿತೆಂದು ಹಲವರು ಮಾತ್ರೆ ಬಿಡುವುದೂ ಆಗಲೇ. ಔಷಧ ನುಂಗಬೇಕಾದದ್ದು ಸಾಮಾನ್ಯವಾಗಿ ಆರು ತಿಂಗಳು.