ಹಾಯಿಗೊಂದು ಗವಸು



ವೀಣೆಗೆ ಗವಸು ಹೊಲಿಸುವವರು ಧೂಳಿನಿಂದ ಅದನ್ನು ಕಾಪಾಡಲೆಂದು ಹೊಲಿಸುತ್ತಾರೆ. ಪುಸ್ತಕಕ್ಕೆ ರಟ್ಟು ಕಟ್ಟಿಸುವವರು ಕೈಯ ಬೆವರಿನಿಂದ ಅದನ್ನು ಉಳಿಸಲೆಂದು ಕಟ್ಟಿಸುತ್ತಾರೆ. ಯಾವ ವಸ್ತುವಿಗೆ ಹೊದಿಕೆ ಬೇಕಾದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರ ಶತ್ರು ಯಾರು? ಈ ಪ್ರಶ್ನೆಯನ್ನು ಸಕಾಲದಲ್ಲಿ ಕೇಳಿಕೊಳ್ಳದೆ ನಾವು ಒಂದು ಒಳ್ಳೆಯ ಹಾಯಿಯನ್ನು ಕಳೆದುಕೊಂಡೆವು. ಚಿಕ್ಕ ಹಾಯಿದೋಣಿಗೆ ಹೊಸ ಗವಸನ್ನು ಆರಿಸುವ ಬಗೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಲು ಅದೇ ಕಾರಣ.

ಕಾರವಾರದ ಬಳಿ, ಕಾಳಿ ನದಿಯು ಕಡಲನ್ನು ಸೇರುವ ಅಳಿವೆಯಲ್ಲಿ, ನಾವು ಕೆಲವರು ಗೆಳೆಯರು ಕೂಡಿ 14 ಅಡಿಯ ದೋಣಿಯೊಂದನ್ನು ಇಟ್ಟುಕೊಂಡಿದ್ದೇವೆ. ನೆಟ್ಟಗೆ ನಿಂತ ಕೂವೆಮರ ಒಂದು. ಅದರ ಕೆಳಭಾಗದಿಂದ ಹಿಂದಕ್ಕೆ ಚಾಚಿದ ಅಡ್ಡಮರ ಒಂದು. ವಿಹಾರ ಮುಗಿದ ಮೇಲೆ ಹಾಯಿಯನ್ನು ಇಳಿಸಿ, ಅಡ್ಡಮರದ ಮೇಲೆ ಮಡಿಕೆ ಮಡಿಕೆಯಾಗಿ ಪೇರಿಸಿ, ಗವಸು ತೊಡಿಸಿ ಬರುವುದು ವಾಡಿಕೆ. ಹಳೆಯ ಗವಸಿನ ಹಿಂತುದಿಯಲ್ಲಿ ಹೊಲಿಗೆ ಬಿಟ್ಟು ಒಂದು ಗೇಣಿನಷ್ಟು ಬಾಯಿ ತೆರೆದಿತ್ತು. ಮಳೆಗಾಲದಲ್ಲಿ ಹೇಗೂ ಹಾಯಿಯನ್ನು ಬಿಚ್ಚಿ ಮನೆಯೊಳಗೆ ಇಡುತ್ತೇವೆ. ಬೇಸಗೆಯಲ್ಲಿ ಒಂದು ಗೇಣು ತೆರೆದಿದ್ದರೆ ಏನಾದೀತು ಎಂದು ಎರಡು ವರ್ಷ ಉಪೇಕ್ಷೆ ಮಾಡಿದೆವು. ಮೂರನೆಯ ವರ್ಷ ಏಪ್ರಿಲಿನ ಒಂದು ಸಂಜೆ, ಇಳಿತದ ನೀರು ಹೊಳೆಯಿಂದ ಕಡಲಿಗೆ ರಭಸದಿಂದ ಹೊರಟಿದ್ದ ವೇಳೆಯಲ್ಲಿ, ಪಡುವಣ ಗಾಳಿ ಬಲವಾಗಿ ಬೀಸಿತು. ನಮ್ಮ ಹಾಯಿ ಹಿಂದಂಚಿನಿಂದ ಕೂವೆಯವರೆಗೆ ಹಳೆಯ ಪಂಚೆಯಂತೆ ಸೀಳಿಹೋಯಿತು. ಮುಂದೆ ಅಳಿವೆಯ ಬಾಯಲ್ಲಿ ತೆರೆಗಳು ಮುರಿಯುತ್ತಿದ್ದುವು. ನೀರು ನಮ್ಮನ್ನು ಅತ್ತಲೇ ಎಳೆಯುತ್ತಿತ್ತು. ಮುಕ್ಕಾಲು ಗಂಟೆ ಹುಟ್ಟು ಹಾಕಿ ಮರಳದಿಬ್ಬವೊಂದನ್ನು ಹಿಡಿದೆವು. ಅಲ್ಲಿ ಹಾಯಿಯನ್ನು ಬಿಡಿಸಿ ನೋಡಿದಾಗ ಸಂಗತಿ ಸ್ಪಷ್ಟವಾಯಿತು. ಆ ಗೇಣಗಲದ ಬಾಯಿಂದ ಬಿಸಿಲು ಕಂಡಿದ್ದ ಮಡಿಕೆಯಲ್ಲಿಯೇ ಸೀಳು ಹುಟ್ಟಿತ್ತು. ಉಳಿದ ಬಟ್ಟೆಯನ್ನು ಇಬ್ಬರು ಹಿಡಿದು ಎಳೆದರೂ ಹರಿಯಲಿಲ್ಲ. ಆ ಭಾಗವಾದರೋ ಬೆರಳಿನಿಂದ ಒತ್ತಿದರೆ ತೂತಾಗುತ್ತಿತ್ತು.

ನಮ್ಮ ತಪ್ಪಿಗೆ ಒಂದು ಚರಿತ್ರೆಯುಂಟು. ಹಿಂದಿನವರು ಹಾಯಿಯನ್ನು ಹತ್ತಿಯಿಂದಲೋ ಅಗಸೆಯ ನಾರಿನಿಂದಲೋ ನೇಯುತ್ತಿದ್ದರು. ಅವಕ್ಕೆ ಮುಖ್ಯ ವೈರಿ ತೇವ. ಒದ್ದೆಯಾಗಿ ಮಡಿಸಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತಿದ್ದುವು. ನಾವು ವೀಳ್ಯದೊಡನೆ ಮೆಲ್ಲುವ ಕಾಚನ್ನು ಇಂಗ್ಲೆಂಡಿನ ಬೆಸ್ತರು ನೀರಿನಲ್ಲಿ ಕುದಿಸಿ, ಹಾಯಿಗಳನ್ನು ಅದರಲ್ಲಿ ಅದ್ದಿ ಕಾಪಾಡಿಕೊಳ್ಳುತ್ತಿದ್ದರು. ಅಲ್ಲಿಯ ಹಳೆಯ ಮೀನುದೋಣಿಗಳ ಕೆಂಗಂದು ಹಾಯಿಗಳ ಬಣ್ಣ ಹೀಗೆ ಬಂದುದು. ಮುಂದೆ 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ಆಂಗ್ಲ ರಸಾಯನಜ್ಞರು ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. ಟೆರಿಲೀನ್, ಡೇಕ್ರಾನ್ ಎಂಬ ಹೆಸರುಗಳಿಂದ ಅದೇ ಹಾಯಿಯ ಬಟ್ಟೆಯಾಯಿತು. ಇದನ್ನು ಬೂಷ್ಟು ಕಲೆಮಾಡಬಲ್ಲುದೇ ಹೊರತು ತಿನ್ನಲಾರದು. ಆದರೆ ಬಿಸಿಲಿನ ಅತಿನೇರಿಳೆ ಕಿರಣಗಳು ಅದರ ಅಣುಸರಪಳಿಗಳನ್ನು ಕಡಿಯುತ್ತವೆ. ನೋಟಕ್ಕೆ ಬಟ್ಟೆ ಮೊದಲಿನಂತೆಯೇ ಇರುತ್ತದೆ, ಬಲ ಮಾತ್ರ ಉಳಿದಿರುವುದಿಲ್ಲ. ಬಟ್ಟೆ ಬದಲಾಯಿತು, ಶತ್ರುವೂ ಬದಲಾದನು. ಗವಸಿನ ವಿಚಾರದಲ್ಲಿ ನಮ್ಮ ಕಲ್ಪನೆ ಮಾತ್ರ ಬದಲಾಗಲಿಲ್ಲ. ಮಳೆಯಿಲ್ಲದ ಕಾಲದಲ್ಲಿ ಗವಸಿನ ಚಿಂತೆ ಬೇಡವೆಂದುಕೊಂಡೆವು. ಕಾರವಾರದಲ್ಲಿ ಸೂರ್ಯನು ನೆತ್ತಿಯ ಮೇಲೆ ನಿಲ್ಲುವುದು ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ. ಆಗಸ್ಟಿನಲ್ಲಿ ಮೋಡವಿರುತ್ತದೆ, ಏಪ್ರಿಲಿನಲ್ಲಿ ಏನೂ ಇರುವುದಿಲ್ಲ.

ಇನ್ನು ಆಯ್ಕೆಯ ಮಾತು. ಹಾಯಿ ಹರಿದ ಮೇಲೂ ನಮಗೆ ಬುದ್ಧಿ ಪೂರ್ಣವಾಗಿ ಬರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಪೇಟೆಯಲ್ಲಿ ಸುಲಭವಾಗಿ ಸಿಗುವ ನೀಲಿ ಟಾರ್ಪಾಲನ್ನು ಕೊಂಡು ಹೊದಿಸಿದೆವು. ಅದು ನೀರನ್ನೇನೋ ತಡೆಯಿತು. ಒಳಗಿನ ಆವಿಯನ್ನೂ ತಡೆದು ಹೊಸ ಹಾಯಿಗೆ ಬೂಷ್ಟಿನ ಕಲೆ ಹಚ್ಚಿತು. ಒಂದು ಬೇಸಗೆ ಕಳೆಯುವುದರೊಳಗೆ ತಾನೇ ಬಿಸಿಲಿಗೆ ಒಣಗಿ ಹುಡಿಹುಡಿಯಾಯಿತು. ಉಸಿರಾಡುವ, ಬಿಸಿಲಿಗೆ ಬಾಳುವ ಬಟ್ಟೆ ಬೇಕು. ಹತ್ತಿಯ ಕ್ಯಾನ್ವಾಸು ಉಸಿರಾಡುತ್ತದೆ, ಆದರೆ ಕುಗ್ಗುತ್ತದೆ, ಕೊಳೆಯುತ್ತದೆ. ಇಂದು ಇದಕ್ಕಾಗಿ ಹೆಚ್ಚಾಗಿ ಬಳಕೆಯಲ್ಲಿರುವುದು ಅಕ್ರಿಲಿಕ್ ಬಟ್ಟೆ. ಚದರ ಮೀಟರಿಗೆ ಸುಮಾರು 300 ಗ್ರಾಂ ತೂಗುವುದು ಸಾಕು. ಇದರ ನೂಲಿಗೆ ನೇಯ್ದ ಮೇಲೆ ಬಣ್ಣ ಹಾಕಿರಬಾರದು. ಎಳೆಯನ್ನು ತೆಗೆಯುವ ಮೊದಲೇ ದ್ರಾವಣದಲ್ಲಿ ಬಣ್ಣವನ್ನು ಬೆರೆಸಿರಬೇಕು. ಕೆಂಪು ಮೂಲಂಗಿಯ ಬಣ್ಣ ಸಿಪ್ಪೆಯಲ್ಲಿ ಮಾತ್ರ. ಗಜ್ಜರಿಯ ಬಣ್ಣ ತಿರುಳಿನವರೆಗೆ. ಗವಸಿನ ಬಟ್ಟೆ ಗಜ್ಜರಿಯಂತಿರಬೇಕು.

ಬಟ್ಟೆಗಿಂತ ಹೆಚ್ಚಾಗಿ ವಿಚಾರಿಸಬೇಕಾದುದು ದಾರವನ್ನು. ಒಳ್ಳೆಯ ಗವಸು ಸಾಮಾನ್ಯವಾಗಿ ಸಾಯುವುದು ಹೊಲಿಗೆಯಲ್ಲಿ. ಹತ್ತಿಯ ದಾರ ಕೂಡದು. ಬಿಸಿಲಿಗೆಂದು ಸಂಸ್ಕರಿಸಿದ ಪಾಲಿಯೆಸ್ಟರ್ ದಾರ ಮಧ್ಯಮ, ಪಿ.ಟಿ.ಎಫ್.ಇ. ಎಂಬ ದ್ರವ್ಯದ ದಾರ ಉತ್ತಮ. ಇದನ್ನು ಬಿಸಿಲು ಬಾಧಿಸುವುದಿಲ್ಲ. ಬೆಲೆ ಹಲವು ಪಾಲು ಹೆಚ್ಚು. ಆದರೂ ಒಂದು ಗವಸಿಗೆ ಬೇಕಾಗುವ ದಾರ ಎಷ್ಟು? ಉಳಿತಾಯ ಮಾಡುವ ಸ್ಥಳ ಇದಲ್ಲ.

ಅಳತೆಯಲ್ಲಿ ಬಹುಮಂದಿ ಎಡವುತ್ತಾರೆ. ಹಳೆಯ ಗವಸನ್ನೇ ದರ್ಜಿಗೆ ಕೊಟ್ಟು "ಹೀಗೆಯೇ ಮಾಡು" ಎನ್ನುವುದು ಸರಿಯಲ್ಲ. ಅದು ಕುಗ್ಗಿರಬಹುದು, ಜಗ್ಗಿರಬಹುದು, ಮೊದಲಿಗೇ ತಪ್ಪಿದ್ದಿರಬಹುದು. ಹಾಯಿಯನ್ನು ಎಂದಿನಂತೆ ಮಡಿಸಿ ಕಟ್ಟಿ, ಅದನ್ನೇ ಅಳೆಯಬೇಕು. ಕೂವೆಯ ಮುಂಭಾಗದಿಂದ ಅಡ್ಡಮರದ ತುದಿಯವರೆಗೆ ಉದ್ದ. ಮಡಿಕೆಯ ರಾಶಿಯ ಸುತ್ತಳತೆ ಕೂವೆಯ ಬಳಿ, ನಡುವೆ, ತುದಿಯಲ್ಲಿ, ಹೀಗೆ ಮೂರು ಕಡೆ. ರಾಶಿ ಕೂವೆಯ ಮೇಲೆ ಎಷ್ಟು ಎತ್ತರಕ್ಕೆ ಏರುತ್ತದೆ, ಅಲ್ಲಿ ಕೂವೆಯ ಸುತ್ತಳತೆ ಎಷ್ಟು ಎಂಬುದು. ಅಡ್ಡಮರಕ್ಕೆ ಹಗ್ಗಗಳು ಬಂದು ಸೇರುವ ಸ್ಥಳಗಳನ್ನೂ ಗುರುತಿಸಿ ಅಲ್ಲಿ ಕಂಡಿ ಬಿಡಿಸಬೇಕು. ಗವಸು ಬಿಗಿಯಾದರೆ ತೊಡಿಸುವವರಿಗೆ ಬೇಸರ ಬಂದು ಒಂದು ದಿನ ತೊಡಿಸದೆಯೇ ಬರುತ್ತಾರೆ. ಸಡಿಲವಾದರೆ ಗಾಳಿಗೆ ಬಡಿದುಕೊಂಡು ತನ್ನನ್ನು ತಾನೇ ಹರಿದುಕೊಳ್ಳುತ್ತದೆ.

ಕೆಳಗಿನ ಅಂಚುಗಳನ್ನು ಉದ್ದಕ್ಕೂ ಮುಚ್ಚಬಾರದು. ಅಲ್ಲಲ್ಲಿ ಕೊಕ್ಕೆ ಅಥವಾ ಲಾಡಿಗಳಿಂದ ಕಟ್ಟಿ, ನಡುವೆ ಗಾಳಿಯಾಡಲು ಎಡೆ ಬಿಡಬೇಕು. ಕಬ್ಬಿಣದ ಕೊಕ್ಕೆ ಉಪ್ಪುಗಾಳಿಗೆ ತುಕ್ಕು ಹಿಡಿದು ಕಲೆ ಮಾಡುತ್ತದೆ. ಸಾದಾ ಲಾಡಿಯಾದರೂ ಲೇಸು. ಗವಸನ್ನು ತಣ್ಣೀರು ಮತ್ತು ಮೃದುವಾದ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಆರಿಸಬೇಕು; ಉಜ್ಜಿ ಒಗೆಯಬಾರದು.

ಕೊನೆಯದಾಗಿ, ಹಣ ತೆರುವ ಮೊದಲು ಹಳೆಯ ಗವಸನ್ನು ಒಮ್ಮೆ ಪರೀಕ್ಷಿಸಿರಿ. ಹೊಲಿಗೆಯನ್ನು ಉಗುರಿನಿಂದ ಗೀರಿದರೆ ದಾರ ಕಿತ್ತುಬರುವುದೇ? ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಜರಡಿಯಂತೆ ತೋರುವುದೇ? ದಾರ ಮಾತ್ರ ಕೆಟ್ಟಿದ್ದರೆ ಹೊಸ ಗವಸು ಬೇಕಿಲ್ಲ, ಹೊಸ ಹೊಲಿಗೆ ಸಾಕು. ನಮ್ಮ ಹಳೆಯ ಗವಸಿನ ಬಟ್ಟೆ ಗಟ್ಟಿಯಾಗಿಯೇ ಇತ್ತು. ಅರ್ಧ ದಿನದ ಹೊಲಿಗೆಯ ಕೂಲಿಯನ್ನು ಉಳಿಸಲು ಹೋಗಿ ನಾವು ಒಂದು ಹಾಯಿಯನ್ನು ತೆತ್ತೆವು. ಅಂದು ಮರಳದಿಬ್ಬ ಸಿಕ್ಕದಿದ್ದರೆ ಇನ್ನೇನನ್ನು ತೆರಬೇಕಾಗುತ್ತಿತ್ತೋ ಹೇಳಲಾರೆವು. ಗವಸಿನ ಬಣ್ಣ ಮಾಸಿತೆಂದು ಯಾರೂ ದುಃಖಪಡಬೇಕಾಗಿಲ್ಲ. ಹಾಯಿ ತಿನ್ನಬೇಕಾಗಿದ್ದ ಬಿಸಿಲನ್ನು ಅದು ತಿಂದಿದೆ.