ಮಾರೋಕೆ ಮುಂಚೆ ಕೇಳಿದ್ರಾ?

ಡಿಸ್ನಿಲ್ಯಾಂಡ್ ಹೆಸರು ಎಲ್ಲರೂ ಕೇಳಿದೀರಿ. ಅದಿರೋದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅನಹೈಮ್ ಅನ್ನೋ ಊರಲ್ಲಿ. ಅದೇ ಊರಿನ ಇನ್ನೊಂದು ಜಾಗದ ಕಥೆ ಇವತ್ತು ಹೇಳ್ತೀನಿ. ಏಂಜಲ್ ಸ್ಟೇಡಿಯಂ ಅಂತ ಬೇಸ್‌ಬಾಲ್ ಮೈದಾನ. ಸುತ್ತಲಿನ ಪಾರ್ಕಿಂಗ್ ಜಾಗ ಸೇರಿ ಸುಮಾರು 150 ಎಕರೆ. ಎಲ್ಲವೂ ನಗರಸಭೆಯ ಆಸ್ತಿ, ಅಂದ್ರೆ ಊರಿನ ಜನರದ್ದು.

ಇದನ್ನು ಅಲ್ಲಿ ಆಡುವ ತಂಡದ ಮಾಲೀಕರ ಕಂಪನಿಗೆ 32 ಕೋಟಿ ಡಾಲರ್‌ಗೆ ಮಾರೋಕೆ ನಗರಸಭೆ ಒಪ್ಪಿತು. ಕೈಗೆ ಬರೋ ನಗದು ಮಾತ್ರ ಸುಮಾರು 15 ಕೋಟಿ. ಉಳಿದದ್ದು ಪಾರ್ಕ್ ಮಾಡ್ತೀವಿ, ಕಡಿಮೆ ಆದಾಯದವರಿಗೆ ಒಂದಿಷ್ಟು ಮನೆ ಕಟ್ತೀವಿ ಅನ್ನೋ ಮಾತಿಗೆ ವಜಾ!

ಆದರೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನಿದೆ. 1968ರದ್ದು. ಸ್ಥಳೀಯ ಸಂಸ್ಥೆ ತನಗೆ ಬೇಡವಾದ ಜಾಗ ಮಾರೋಕೆ ಮುಂಚೆ, ಕೈಗೆಟುಕುವ ಮನೆ ಕಟ್ಟುವವರಿಗೆ ಲಿಖಿತವಾಗಿ ತಿಳಿಸಬೇಕು. ಅವರಿಗೆ ಉತ್ತರ ಕೊಡೋಕೆ 60 ದಿನ. ಯಾರಾದ್ರೂ ಬಂದ್ರೆ ಕನಿಷ್ಠ 90 ದಿನ ಪ್ರಾಮಾಣಿಕವಾಗಿ ಮಾತುಕತೆ. ಅವರಿಗೇ ಕೊಡಬೇಕು ಅಂತಿಲ್ಲ, ಆದರೆ ಮೊದಲು ಕೇಳಲೇಬೇಕು. ಇಷ್ಟೇನಾ ಅಂತೀರಾ? 2013ರ ಜನವರಿಯಲ್ಲಿ ನಮ್ಮ ಬೆಂಗಳೂರಿನ ಈಜಿಪುರದಲ್ಲಿ ಬಡವರ ವಸತಿ ಇದ್ದ ಪಾಲಿಕೆ ಜಾಗಕ್ಕೆ ಜೆಸಿಬಿ ನುಗ್ಗಿದ್ದನ್ನು, ಅದರ ಒಂದು ಭಾಗದಲ್ಲಿ ಮಾಲ್ ಬರುತ್ತೆ ಅಂತ ತಿಳಿದಾಗಿನ ಆ ಕುಟುಂಬಗಳ ಮುಖವನ್ನು ನೆನಪಿಸಿಕೊಳ್ಳಿ. ‘ಮೊದಲು ಕೇಳಿ’ ಅನ್ನೋದು ಸಣ್ಣ ಮಾತಲ್ಲ.

ಈ ಕಾನೂನು ಬಹಳ ವರ್ಷ ಹಲ್ಲಿಲ್ಲದ ಹಾವಾಗಿತ್ತು. 2019ರಲ್ಲಿ ತಿದ್ದುಪಡಿ ಮಾಡಿ ಹಲ್ಲು ಕೊಟ್ಟರು. ಮೊದಲ ಸಲ ಉಲ್ಲಂಘಿಸಿದರೆ ಮಾರಾಟದ ಬೆಲೆಯ ಶೇ. 30 ದಂಡ, ಮತ್ತೆ ಮಾಡಿದರೆ ಶೇ. 50. ಆ ದುಡ್ಡು ಮನೆ ಕಟ್ಟೋಕೇ ಹೋಗಬೇಕು.

2021ರ ಡಿಸೆಂಬರ್‌ನಲ್ಲಿ ರಾಜ್ಯದ ವಸತಿ ಇಲಾಖೆ ಅನಹೈಮ್‌ಗೆ ನೋಟಿಸ್ ಕೊಟ್ಟಿತು. ಈ ಕಾನೂನು ನಮಗೆ ಅನ್ವಯಿಸಲ್ಲ ಅಂತ ನಗರಸಭೆ ವಾದಿಸಿತು. ಕೊನೆಗೆ 2022ರ ಏಪ್ರಿಲ್‌ನಲ್ಲಿ ರಾಜಿ: ವಸತಿಗೆ 9 ಕೋಟಿ 60 ಲಕ್ಷ ಡಾಲರ್. 32 ಕೋಟಿಗೆ ಶೇ. 30 ಹಾಕಿ ನೋಡಿ, ಸರಿಯಾಗಿ ಅಷ್ಟೇ ಬರುತ್ತೆ. ಇಂಜಿನಿಯರಿಂಗ್ ಓದೋದು ಬೇಡ, ಏಳನೇ ಕ್ಲಾಸ್ ಲೆಕ್ಕ ಸಾಕು.

ಅಷ್ಟರಲ್ಲಿ ಮೇ ತಿಂಗಳು ಬಂತು. ಮೇಯರ್ ಹ್ಯಾರಿ ಸಿಧು ಮೇಲೆ ಎಫ್‌ಬಿಐ ತನಿಖೆ ನಡೀತಿದೆ ಅನ್ನೋದು ಬಯಲಾಯ್ತು. ಭಾರತದಲ್ಲೇ ಹುಟ್ಟಿದವರು ಇವರು. ಹೆಮ್ಮೆ ಪಡೋಣ ಅಂದ್ರೆ ಹೀಗೆ! ಅವರು ರಾಜೀನಾಮೆ ಕೊಟ್ಟರು, ನಗರಸಭೆ ಮಾರಾಟವನ್ನೇ ರದ್ದು ಮಾಡಿತು. ಸ್ಟೇಡಿಯಂ ಮಾರಾಟದ ಇಮೇಲ್‌ಗಳನ್ನು ಅಳಿಸಿದ್ದು, ಎಫ್‌ಬಿಐಗೆ ಸುಳ್ಳು ಹೇಳಿದ್ದು, ಇದನ್ನೆಲ್ಲ ಸಿಧು 2023ರಲ್ಲಿ ಕೋರ್ಟ್‌ನಲ್ಲಿ ಒಪ್ಪಿಕೊಂಡರು.

ಕಾನೂನು ಗೆದ್ದಿತಾ? ನನಗೆ ಪೂರ್ತಿ ಖುಷಿ ಇಲ್ಲ. ಮಾರಾಟ ನಿಂತಿತು, ಸರಿ. ಆದರೆ ಮಾರಾಟವೇ ಇಲ್ಲ ಅಂದ ಮೇಲೆ ವಸತಿಗೆ ಬರಬೇಕಿದ್ದ 9 ಕೋಟಿ 60 ಲಕ್ಷವೂ ಹೋಯ್ತು. ಮೊದಲು ಕೇಳಿ ಅನ್ನಬಹುದು, ಕಟ್ಟಿ ಅನ್ನೋಕೆ ಈ ಕಾನೂನಿಗೆ ಬಲ ಇಲ್ಲ. ಪಂದ್ಯದ ದಿನ ಆ ಜಾಗದಲ್ಲಿ ಈಗಲೂ ಕಾರುಗಳೇ ನಿಲ್ತವೆ.